ಕಾಲು ಎಣಿಸುವ ಮೊದಲು ಮೀಸೆ ನೋಡಿ: ಒಣಸೀಮೆಯ ಸಂಧಿಪದಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅರಸೀಕೆರೆ, ಕಡೂರು, ಅಜ್ಜಂಪುರದ ಹೊಲಗಳವರೂ ಸಕಲೇಶಪುರ, ಮೂಡಿಗೆರೆ, ಕೊಪ್ಪದ ತೋಟಗಳವರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಸುಲಭದವು ಮೊದಲು, ಸೂಕ್ಷ್ಮದವು ಆಮೇಲೆ.

## ಮೊದಲ ಗುರುತು

ಇವೆಲ್ಲಾ ಹುಳ ತಾನೇ? ಸಂಧಿಪದಿ ಅಂತ ಬೇರೆ ಹೆಸರು ಯಾಕೆ?

ನಮ್ಮ ಕಡೆ ‘ಹುಳ’ ಎಂಬ ಮಾತಿನ ಹರವು ದೊಡ್ಡದು. ಎರೆಹುಳವೂ ಹುಳ, ಕಂಬಳಿಹುಳವೂ ಹುಳ. ಹಾವಿನ ಹೆಸರೆತ್ತಲು ಹಿಂಜರಿಯುವವರು ಅದನ್ನೂ ಹುಳವೆಂದೇ ಕರೆಯುತ್ತಾರೆ. ಮಾತಿಗೆ ಇದು ಸಾಕು, ಗುರುತಿಗೆ ಸಾಲದು. ಆಸ್ಪತ್ರೆಯಲ್ಲಿ ‘ಹುಳ ಮುಟ್ಟಿತು’ ಎಂದಷ್ಟೇ ಹೇಳಿದರೆ ಹಾವೋ ಚೇಳೋ ಜರಿಯೋ ವೈದ್ಯರಿಗೆ ತಿಳಿಯುವುದಿಲ್ಲ.

ಹೊರಗೆ ಗಟ್ಟಿ ಕವಚ, ತುಂಡುತುಂಡಾಗಿ ಜೋಡಿಸಿದ ಮೈ, ಗೆಣ್ಣುಗೆಣ್ಣಾಗಿ ಮಡಿಸುವ ಕಾಲು. ಈ ಮೂರೂ ಇದ್ದರೆ ಅದು ಸಂಧಿಪದಿ. ಕವಚ ತಾನಾಗಿ ಹಿಗ್ಗುವುದಿಲ್ಲವಾದ್ದರಿಂದ ಬೆಳೆಯುವಾಗೆಲ್ಲ ಪೊರೆ ಕಳಚಬೇಕು. ಎರೆಹುಳಕ್ಕೂ ಮಲೆನಾಡಿನ ಇಂಬಳಕ್ಕೂ ಕವಚವಿಲ್ಲ, ಕಾಲೂ ಇಲ್ಲ. ಅವು ಬೇರೆಯೇ ವಂಶ. ಈಗ ಬದುಕಿರುವ ಸಂಧಿಪದಿಗಳಲ್ಲಿ ನಾಲ್ಕು ದೊಡ್ಡ ಬಳಗಗಳಿವೆ: ಕೀಟಗಳು, ಜೇಡ-ಚೇಳುಗಳ ಬಳಗ, ಜರಿ-ಚೋರಟೆಗಳ ಬಳಗ, ಏಡಿ-ಸೀಗಡಿಗಳ ಬಳಗ.

ನಮ್ಮಲ್ಲಿ ಮರುಭೂಮಿನೇ ಇಲ್ವಲ್ಲ, ಮರುಭೂಮಿ ಹುಳಗಳ ವಿಷಯ ನಮಗ್ಯಾಕೆ?

ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ನೆಲವನ್ನು ಸಾಮಾನ್ಯವಾಗಿ ಮರುಭೂಮಿ ಎನ್ನುತ್ತಾರೆ. ಕಡೂರು, ಅರಸೀಕೆರೆಗಳಲ್ಲಿ ಅದಕ್ಕಿಂತ ಹೆಚ್ಚೇ ಬೀಳುತ್ತದೆ. ಆದರೆ ಮೋಡದ ನೀರೆಲ್ಲ ಘಟ್ಟದಲ್ಲೇ ಸುರಿದುಹೋಗಿ ಉಳಿದದ್ದು ಇಲ್ಲಿಗೆ ಬರುವುದರಿಂದ ಇದು ಮಳೆನೆರಳಿನ ಒಣಸೀಮೆ. ಬಾಸೂರಿನ ಅಮೃತಮಹಲ್ ಕಾವಲಿನಂಥ ಹುಲ್ಲುಗಾವಲು, ಕುರುಚಲು ಗುಡ್ಡ, ಕಲ್ಲುಬೋರೆಗಳಲ್ಲಿ ಥಾರ್ ಮರುಭೂಮಿಯಲ್ಲಿರುವ ಬಳಗಗಳೇ ಇವೆ: ಚೇಳು, ನೆಲದ ಕಪ್ಪು ದುಂಬಿ, ಗೆದ್ದಲು, ಇರುವೆ, ಪುಡಿಮಣ್ಣಿನಲ್ಲಿ ಕುಳಿ ತೋಡುವ ಹುಳ. ಪ್ರಭೇದಗಳು ಬೇರೆ, ಮೈಕಟ್ಟು ಒಂದೇ. ಇಲ್ಲಿ ಕಲಿತ ಗುರುತು ಜೈಸಲ್ಮೇರಿನಲ್ಲೂ ನಡೆಯುತ್ತದೆ. ಬೈಕಿನಲ್ಲಿ ಒಂದೆರಡು ಗಂಟೆ ಹೋದರೆ ಘಟ್ಟದ ಒದ್ದೆ ಕಾಡಿನ ಬಳಗಗಳೂ ಸಿಗುವುದು ಹಾಸನ, ಚಿಕ್ಕಮಗಳೂರು ಜಿಲ್ಲೆಗಳವರ ಭಾಗ್ಯ.

ಯಾವುದೋ ಒಂದು ಎದುರಿಗೆ ಬಂತು ಅಂದುಕೊಳ್ಳಿ. ಮೊದಲು ಏನು ನೋಡಬೇಕು?

ಎಲ್ಲರೂ ಕಾಲು ಎಣಿಸಲು ಹೊರಡುತ್ತಾರೆ. ಓಡುವ ಪ್ರಾಣಿಯ ಕಾಲು ಎಣಿಸುವುದು ಕಷ್ಟ, ಎಣಿಸಿದರೂ ಮೋಸ ಹೋಗುವುದು ಸುಲಭ. ಮೊದಲು ತಲೆಯ ಮುಂದೆ ಕುಡಿಮೀಸೆ ಇದೆಯೇ ನೋಡಿ. ಮೀಸೆಯೇ ಇಲ್ಲದಿದ್ದರೆ ಅದು ಜೇಡ-ಚೇಳುಗಳ ಬಳಗ. ಆ ಬಳಗದಲ್ಲಿ ಯಾವುದಕ್ಕೂ ಮೀಸೆಯಿಲ್ಲ, ರೆಕ್ಕೆಯೂ ಇಲ್ಲ. ಒಂದು ಜೊತೆ ಮೀಸೆಯಿದ್ದು, ತಲೆ, ಎದೆ, ಹೊಟ್ಟೆ ಎಂದು ಮೈ ಮೂರು ಭಾಗವಾಗಿ, ಕಾಲೆಲ್ಲ ಎದೆಯಿಂದಲೇ ಹೊರಟಿದ್ದರೆ ಕೀಟ. ಮೀಸೆಯಿದ್ದು, ತಲೆಯ ಹಿಂದೆ ಮೈಯುದ್ದಕ್ಕೂ ಒಂದೇ ತರದ ತುಂಡುಗಳು, ತುಂಡು ತುಂಡಿಗೂ ಕಾಲು ಇದ್ದರೆ ಜರಿ ಅಥವಾ ಚೋರಟೆ. ಏಡಿಯ ಬಳಗಕ್ಕೆ ಎರಡು ಜೊತೆ ಮೀಸೆ. ನೆಲದ ಮೇಲಿರುವ ಸಣ್ಣವುಗಳಲ್ಲಿ ಒಂದು ಜೊತೆ ಬರಿಗಣ್ಣಿಗೆ ಕಾಣದಷ್ಟು ಚಿಕ್ಕದಿರುತ್ತದೆ.

ಮೀಸೆಯಾದ ಮೇಲೆ ಸೊಂಟ, ಸೊಂಟವಾದ ಮೇಲೆ ಮುಂಗೈ (ಜೇಡ-ಚೇಳುಗಳ ಬಳಗದಲ್ಲಿ ಕಾಲುಗಳಿಗಿಂತ ಮುಂದೆ, ಬಾಯಿಯ ಪಕ್ಕದಲ್ಲಿರುವ ಜೊತೆ ಅಂಗ; ಚೇಳಿನ ಇಕ್ಕಳ ಇದೇ), ಕೊನೆಗೆ ಬೇಕಾದರೆ ಕಾಲಿನ ಲೆಕ್ಕ.

ಆರು ಕಾಲಿದ್ರೆ ಕೀಟ, ಎಂಟಿದ್ರೆ ಜೇಡ. ಅಷ್ಟೇ ಅಲ್ವಾ?

ಶಾಲೆಯ ಪಾಠವಾಗಿ ಸರಿ, ತೋಟದಲ್ಲಿ ಸಾಲದು. ಮೊಟ್ಟೆಯಿಂದ ಆಗಷ್ಟೇ ಹೊರಬಂದ ಉಣುಗಿಗೆ ಆರೇ ಕಾಲು. ಒಮ್ಮೆ ರಕ್ತ ಹೀರಿ ಪೊರೆ ಕಳಚಿದ ಮೇಲೆ ಎಂಟು. ಅರಸೀಕೆರೆಯ ತೆಂಗು ಬೆಳೆಗಾರರಿಗೆ ಚೆನ್ನಾಗಿ ಗೊತ್ತಿರುವ ನುಸಿ ಪೀಡೆಯ ನುಸಿಗೆ ನಾಲ್ಕೇ ಕಾಲು. ಉದ್ದ ಸುಮಾರು 0.2 ಮಿಲಿಮೀಟರ್, ಎಳೆಕಾಯಿಯ ತೊಟ್ಟಿನಡಿ ಅಡಗಿ ರಸ ಹೀರುತ್ತದೆ. ಭಾರತದಲ್ಲಿ ಇದು ಮೊದಲು ಕಂಡದ್ದು 1998ರಲ್ಲಿ, ಕೇರಳದಲ್ಲಿ. ಆರೂ ಇಲ್ಲ, ಎಂಟೂ ಇಲ್ಲ, ಆದರೂ ಅದು ಜೇಡನ ಬಳಗವೇ.

ಕಂಬಳಿಹುಳಕ್ಕೆ ಹದಿನಾರು ಕಾಲು ಎಣಿಸಿದವರೂ ಇದ್ದಾರೆ. ತಲೆಯ ಹಿಂದಿನ ಮೂರು ಜೊತೆ ಮಾತ್ರ ಗೆಣ್ಣಿರುವ ನಿಜವಾದ ಕಾಲು. ಹಿಂದಿನವು ಎಲೆಗೆ ಅಂಟಿಕೊಳ್ಳುವ ಮಾಂಸಲ ಮೊಟಕುಗಳು, ಪತಂಗವಾದಾಗ ಮಾಯವಾಗುತ್ತವೆ.

## ಮೀಸೆ ಇಲ್ಲದ ಬಳಗ

ಕಲ್ಲು ಎತ್ತಿದ್ರೆ ಎರಡು ತರದ ಚೇಳು ಸಿಗುತ್ತೆ. ದಪ್ಪ ಕರಿಚೇಳಿಗೇ ವಿಷ ಜಾಸ್ತಿ ಅಲ್ವಾ?

ಅಲ್ಲ. ಈ ತಪ್ಪು ತಿಳಿವಳಿಕೆ ಜೀವಕ್ಕೆ ಎರವಾಗುತ್ತದೆ. ಕರಿಚೇಳು ಹತ್ತು ಸೆಂಟಿಮೀಟರ್ ದಾಟಿ ಬೆಳೆಯುತ್ತದೆ. ಅದರ ಬಲವೆಲ್ಲ ಅಗಲವಾದ ಇಕ್ಕಳದಲ್ಲಿದೆ. ಬೇಟೆಯನ್ನು ಜಜ್ಜಿ ಕೊಲ್ಲಬಲ್ಲದು, ಹಾಗಾಗಿ ವಿಷವನ್ನು ಅಷ್ಟಾಗಿ ನೆಚ್ಚಿಲ್ಲ. ಕುಟುಕಿದರೆ ಚೆನ್ನಾಗಿ ಉರಿಯುತ್ತದೆ, ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ. ಅಪಾಯದ್ದು ಕೆಂಚು ಬಣ್ಣದ ಸಣ್ಣ ಚೇಳು. ಸಣಕಲು ಇಕ್ಕಳ, ದಪ್ಪ ಬಾಲ, ಹಳದಿ ಮಿಶ್ರಿತ ಕಾಲು, ಬಾಲದ ತುದಿಯಲ್ಲಿ ಉಬ್ಬಿದ ವಿಷದ ಚೀಲ. ಭಾರತದ ಕೆಂಪು ಚೇಳು ಇದೇ. ಒಣಸೀಮೆಯ ಕಲ್ಲಡಿ, ಮಣ್ಣಿನ ಗೋಡೆಯ ಬಿರುಕು, ಸೌದೆ ರಾಶಿ, ಹೆಂಚಿನ ಅಟ್ಟಿ ಇದರ ಜಾಗ.

ಇಕ್ಕಳ ದಪ್ಪ, ಬಾಲ ಸಣಕಲಾದರೆ ವಿಷ ಕಡಿಮೆ. ಇಕ್ಕಳ ಸಣಕಲು, ಬಾಲ ದಪ್ಪವಾದರೆ ವಿಷ ಹೆಚ್ಚು. ಇದು ಅಂದಾಜಿನ ಸೂತ್ರ. ಮರಿಚೇಳಿಗೆ ಇದನ್ನು ಹಚ್ಚಬೇಡಿ. ಬಣ್ಣವೊಂದನ್ನೇ ನಂಬಲೂಬೇಡಿ: ಪೊರೆ ಕಳಚಿದ ಹೊಸತರಲ್ಲಿ ಕರಿಚೇಳೂ ಬಿಳಿಚಿಕೊಂಡಿರುತ್ತದೆ.

ಕುಟುಕಿದ್ರೆ ಏನು ಮಾಡ್ಬೇಕು? ಮೇಲೆ ಹಗ್ಗ ಕಟ್ಟಬಹುದಾ?

ಕಟ್ಟಬಾರದು, ಕುಯ್ಯಬಾರದು, ಬಾಯಿಟ್ಟು ಹೀರಬಾರದು. ಸೋಪು ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸು ಒತ್ತಿ, ಉಂಗುರ, ಬಳೆ ತೆಗೆದು ಆಸ್ಪತ್ರೆಗೆ ಹೊರಡಿ. ಮಕ್ಕಳಾದರೆ ಲಕ್ಷಣಕ್ಕಾಗಿ ಕಾಯುವುದೇ ಬೇಡ. ಮೈಯೆಲ್ಲ ಬೆವರುವುದು, ವಾಂತಿ, ಕೈಕಾಲು ತಣ್ಣಗಾಗುವುದು, ಎದೆಬಡಿತ ಏರುವುದು, ಉಸಿರು ಕಟ್ಟುವುದು ಕೆಂಪು ಚೇಳಿನ ವಿಷ ಹೃದಯಕ್ಕೆ ತಟ್ಟಿದ ಗುರುತುಗಳು. ಕುಟುಕಿದ ಜಾಗದ ನೋವು ಕಡಿಮೆಯಾಗಿದೆ ಎಂದು ಮನೆಯಲ್ಲೇ ಕೂರಬೇಡಿ. ವಿಷ ಮೈಗೇರಿದಾಗಲೂ ಅಲ್ಲಿನ ನೋವು ಅಷ್ಟಾಗಿ ಇರದಿರಬಹುದು.

ರಕ್ತನಾಳಗಳನ್ನು ಸಡಿಲಿಸುವ ಪ್ರಾಜೋಸಿನ್ ಮಾತ್ರೆ ಇದಕ್ಕೆ ಒದಗುತ್ತದೆಂದು ತೋರಿಸಿಕೊಟ್ಟವರು ಮಹಾರಾಷ್ಟ್ರದ ಮಹಾಡ್‌ನ ವೈದ್ಯ ಹಿಮ್ಮತ್‌ರಾವ್ ಬಾವಸ್ಕರ್. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮಾತ್ರೆಯನ್ನು ವೈದ್ಯರೇ ಕೊಡಬೇಕು, ರಕ್ತದೊತ್ತಡ ನೋಡುತ್ತಾ ಕೊಡಬೇಕು.

ಬಾಲ ದಾರದ ತರ ಇದೆ, ಮುಟ್ಟಿದ್ರೆ ವಿನಿಗರ್ ವಾಸನೆ. ಇದೆಂಥ ಚೇಳು?

ಚೇಳಲ್ಲ, ಚಾಟಿಚೇಳು. ಬಾಲ ತೆಳು ಚಾಟಿ, ತುದಿಯಲ್ಲಿ ಕೊಂಡಿಯಿಲ್ಲ. ಬಾಲದ ಬುಡದಿಂದ ಅಸಿಟಿಕ್ ಆಮ್ಲ, ಅಂದರೆ ವಿನಿಗರಿನಲ್ಲಿರುವ ಹುಳಿಯನ್ನೇ, ಚಿಮ್ಮಿಸುತ್ತದೆ. ಕಣ್ಣಿಗೆ ಬಿದ್ದರೆ ಉರಿ, ಧಾರಾಳ ನೀರಿನಲ್ಲಿ ತೊಳೆಯಿರಿ. ನಡೆಯುವಾಗ ನೋಡಿ: ಆರೇ ಕಾಲು ನೆಲ ಮುಟ್ಟುತ್ತವೆ. ಮುಂದಿನ ತೆಳು ಜೊತೆಯನ್ನು ಕುರುಡರ ಕೋಲಿನಂತೆ ಮುಂದೆ ತಡವುತ್ತದೆ. ಅದನ್ನೇ ಮೀಸೆಯೆಂದು ತಿಳಿದು ಇದನ್ನು ಕೀಟಕ್ಕೆ ಸೇರಿಸಿದವರುಂಟು. ಬುಡದತ್ತ ಕಣ್ಣಾಡಿಸಿ, ಅದು ಹೊರಟಿರುವುದು ತಲೆಯ ತುದಿಯಿಂದಲ್ಲ, ಕಾಲಿನ ಸಾಲಿನಿಂದ. ಘಟ್ಟದ ಕಡೆ ಕೊಳೆತ ದಿಮ್ಮಿಯಡಿ, ತರಗಿನಡಿ ಸಿಗುತ್ತದೆ.

ಇದರ ಹತ್ತಿರದ ನೆಂಟ ಬಾಲವೇ ಇಲ್ಲದ ಚಾಟಿಜೇಡ. ಚಪ್ಪಟೆ ಮೈ, ಮುಳ್ಳುಮುಳ್ಳಿನ ಮುಂಗೈ, ಮೈಯ ಹಲವು ಪಟ್ಟು ಉದ್ದದ ಚಾಟಿಗಾಲು, ಏಡಿಯ ಹಾಗೆ ಅಡ್ಡಡ್ಡ ಓಟ. ನೋಡಿದರೆ ಎದೆ ನಡುಗಬಹುದು, ಅದಕ್ಕೆ ವಿಷವೂ ಇಲ್ಲ, ಕೊಂಡಿಯೂ ಇಲ್ಲ.

ಒಂಟೆ ಜೇಡ ಮನುಷ್ಯನ್ನೇ ಅಟ್ಟಿಸ್ಕೊಂಡು ಬರುತ್ತಂತೆ, ನಿಜಾನಾ?

ಅದು ಅಟ್ಟಿಸಿಕೊಂಡು ಬರುವುದು ನಿಮ್ಮ ನೆರಳನ್ನು. ಬಿಸಿಲಿಗೆ ನೆರಳು ಹುಡುಕಿ ಓಡುವಾಗ ನೀವು ಓಡಿದರೆ ನೆರಳೂ ಓಡುತ್ತದೆ, ಅದೂ ಹಿಂದೆ ಬರುತ್ತದೆ. ನಿಂತರೆ ಅದೂ ನಿಲ್ಲುತ್ತದೆ.

ಹೆಸರಿನಲ್ಲಿ ಜೇಡವಿದ್ದರೂ ಇದು ಜೇಡವಲ್ಲ. ಜೇಡಕ್ಕೆ ಎದೆ ಮತ್ತು ಹೊಟ್ಟೆಯ ನಡುವೆ ದಾರದಂಥ ಸೊಂಟ, ಇದಕ್ಕೆ ಸೊಂಟವಿಲ್ಲ, ತುಂಡುತುಂಡಾದ ಉದ್ದ ಹೊಟ್ಟೆ. ಜೇಡ ನೂಲು ನೇಯುತ್ತದೆ, ಇದಕ್ಕೆ ನೂಲಿಲ್ಲ. ಜೇಡಕ್ಕೆ ವಿಷದ ಹಲ್ಲು, ಇದಕ್ಕೆ ತಲೆಯ ಮುಂದೆ ಕತ್ತರಿಯಂತೆ ಮೇಲೆ-ಕೆಳಗೆ ಆಡುವ ಒಂದು ಜೊತೆ ದವಡೆ. ಮೈಗೆ ಹೋಲಿಸಿದರೆ ಇಷ್ಟು ದೊಡ್ಡ ದವಡೆ ಈ ಬಳಗದಲ್ಲಿ ಬೇರೆ ಯಾವುದಕ್ಕೂ ಇಲ್ಲ. ಕಚ್ಚಿದರೆ ಗಾಯವಾಗುತ್ತದೆ, ತೊಳೆದು ಔಷಧಿ ಹಚ್ಚಿದರೆ ಸಾಕು. ಮುಂಗೈ ಕಾಲಿನಷ್ಟೇ ಉದ್ದವಿರುವುದರಿಂದ ಹತ್ತು ಕಾಲಿದ್ದಂತೆ ಕಾಣುತ್ತದೆ. ಖಚಿತವಾಗಬೇಕಾದರೆ ಗಾಜಿನ ಬಾಟಲಿಯಲ್ಲಿಟ್ಟು ಕೆಳಗಿನಿಂದ ನೋಡಿ: ಕೊನೆಯ ಕಾಲಿನ ಬುಡದಲ್ಲಿ ಸಣ್ಣ ಚಮಚೆಗಳನ್ನು ಸಾಲಾಗಿ ನೇತುಹಾಕಿದಂತೆ ಒಂದೊಂದು ಕಾಲಿಗೆ ಐದೈದು ಅಂಗಗಳಿರುತ್ತವೆ. ಬೇರೆ ಯಾವ ಪ್ರಾಣಿಗೂ ಇವಿಲ್ಲ. ಬಾಟಲಿಗೆ ಮುಚ್ಚಳ ಹಾಕುವುದು ಮರೆಯಬೇಡಿ, ಮುಂಗೈ ತುದಿಯ ಅಂಟಿನಿಂದ ಗಾಜನ್ನೂ ಹತ್ತುತ್ತದೆ.

ಬಚ್ಚಲ ಮೂಲೆಯ ಉದ್ದಗಾಲಿನ ಜೇಡವೂ ತೋಟದ ಮರದ ಮೇಲೆ ಗುಂಪಾಗಿರೋದೂ ಒಂದೇನಾ?

ಬೇರೆ ಬೇರೆ. ಬಚ್ಚಲಿನದು ಬಲೆಯಲ್ಲಿ ತಲೆಕೆಳಗಾಗಿ ನೇತಾಡುತ್ತದೆ, ಊದಿದರೆ ಗಡಗಡ ನಡುಗುತ್ತದೆ, ಮೈ ಸ್ಪಷ್ಟವಾಗಿ ಎರಡು ಭಾಗ. ಅದು ನಿಜವಾದ ಜೇಡ. ಮರದ ಕಾಂಡದ ಮೇಲೆ, ಕಲ್ಲುಸಂದಿಯಲ್ಲಿ ಗುಂಪುಗಟ್ಟುವುದಕ್ಕೆ ಮೈ ಒಂದೇ ಕಾಳಿನಂತೆ, ಸೊಂಟವಿಲ್ಲ, ಬೆನ್ನ ಮೇಲೊಂದು ಸಣ್ಣ ದಿಬ್ಬದಲ್ಲಿ ಎರಡೇ ಕಣ್ಣು. ಬಲೆಯೂ ಇಲ್ಲ, ವಿಷವೂ ಇಲ್ಲ. ಹಿಡಿದರೆ ಕಾಲು ಕಳಚಿಕೊಟ್ಟು ಓಡುತ್ತದೆ, ಹಾಗಾಗಿ ಏಳು ಕಾಲಿನದು, ಆರು ಕಾಲಿನದು ಸಿಗುವುದು ಮಾಮೂಲು.

ದನಕ್ಕೆ ಹತ್ತೋ ಉಣುಗು, ಮಂಗನ ಕಾಯಿಲೆ ಉಣುಗು ಎರಡೂ ಒಂದೇನಾ? ಕಚ್ಚಿಕೊಂಡಿದ್ರೆ ಹೇಗೆ ತೆಗೆಯೋದು?

ಉಣುಗು ಜೇಡನ ಬಳಗದ್ದು. ಆ ಬಳಗದಲ್ಲಿ ತಲೆ-ಎದೆ-ಹೊಟ್ಟೆ ಎಲ್ಲ ಒಂದೇ ಚೀಲವಾಗಿರುವ ಗುಂಪಿಗೆ ಸೇರಿದ್ದು. ಚಿಗಟ, ತಿಗಣೆ, ಹೇನು ಕೀಟಗಳು, ಅವಕ್ಕೆ ಮೀಸೆಯಿದೆ. ಮಂಗನ ಕಾಯಿಲೆಯನ್ನು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದರು. ಅದನ್ನು ಹರಡುವುದು ಮುಖ್ಯವಾಗಿ ಹೆಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಕಾಡುಣುಗು. ಮನುಷ್ಯರಿಗೆ ಹೆಚ್ಚಾಗಿ ಕಚ್ಚುವುದು ಗಸಗಸೆಯಷ್ಟಿರುವ ಮರಿಹಂತ, ಅದರ ಕಾಲ ಮಳೆ ನಿಂತ ಮೇಲಿನ ಬೇಸಿಗೆ. ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆ ತರಗು ಗುಡಿಸಲು ಕಾಡಿಗೆ ಹೋಗುವವರು ತುಂಬು ಬಟ್ಟೆ ತೊಟ್ಟು, ಆರೋಗ್ಯ ಇಲಾಖೆ ಕೊಡುವ, ಉಣುಗನ್ನು ದೂರವಿಡುವ ದೀಪಾ (DEPA) ಎಣ್ಣೆ ಹಚ್ಚಿಕೊಳ್ಳಲೇಬೇಕು.

ಕಚ್ಚಿಕೊಂಡದ್ದನ್ನು ಚಿಮುಟದಿಂದ, ಚರ್ಮಕ್ಕೆ ತೀರ ಹತ್ತಿರ ಹಿಡಿದು, ತಿರುಚದೆ ನೇರ ಮೇಲಕ್ಕೆ ನಿಧಾನವಾಗಿ ಎಳೆಯಿರಿ. ಸೀಮೆಎಣ್ಣೆ ಸುರಿದರೆ, ಬೀಡಿಯಲ್ಲಿ ಸುಟ್ಟರೆ ಅದು ಹೊಟ್ಟೆಯಲ್ಲಿದ್ದುದನ್ನು ಗಾಯಕ್ಕೇ ಕಕ್ಕಬಹುದು. ಉಗುರಿನಲ್ಲಿ ಹೊಸಕಬೇಡಿ. ತಾರೀಖು ಬರೆದಿಟ್ಟುಕೊಂಡು, ಎರಡು ವಾರದೊಳಗೆ ಜ್ವರ, ತಲೆನೋವು, ಮೈಕೈನೋವು ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆ ತಾರೀಖು ಹೇಳಿ. ಆಸುಪಾಸಿನಲ್ಲಿ ಮಂಗ ಸತ್ತಿದ್ದರೆ ಮುಟ್ಟದೆ ತಿಳಿಸಿ.

## ಕಾಲು ತುಂಬ ಇರುವವು

ಜರಿಗೂ ಚೋರಟೆಗೂ ಏನು ವ್ಯತ್ಯಾಸ? ಎರಡೂ ಕಚ್ಚುತ್ತವಾ?

ಜರಿ ಚಪ್ಪಟೆ, ತುಂಡಿಗೆ ಒಂದೇ ಜೊತೆ ಕಾಲು, ಅದೂ ಪಕ್ಕಕ್ಕೆ ಚಾಚಿರುತ್ತದೆ. ಬೇಟೆಗಾರ, ಮಿಂಚಿನ ಓಟ. ತಲೆಯ ಹಿಂದಿನ ಮೊದಲ ಜೊತೆ ಕಾಲೇ ವಿಷದ ಕೊಕ್ಕೆಯಾಗಿ ಮಾರ್ಪಟ್ಟಿದೆ. ಕಚ್ಚಿದರೆ ತೀವ್ರ ನೋವು, ಬಾವು. ದೊಡ್ಡ ಜರಿಯ ಕೊನೆಯ ಕಾಲುಗಳು ಮೀಸೆಯಂತೆಯೇ ಕಾಣುವುದರಿಂದ ತಲೆ ಯಾವುದು, ಬಾಲ ಯಾವುದು ತಿಳಿಯದೆ ತಪ್ಪು ಕಡೆ ಹಿಡಿಯುವವರೇ ಹೆಚ್ಚು. ಬಲಿತ ಜರಿಯ ಕಾಲಿನ ಜೊತೆಗಳು ಯಾವಾಗಲೂ ಬೆಸಸಂಖ್ಯೆ. ನಾವು ನೋಡುವ ದೊಡ್ಡ ಜರಿಗೆ ಸಾಮಾನ್ಯವಾಗಿ 21 ಜೊತೆ. ಶತಪದಿ ಎಂದು ಹೆಸರಿದ್ದರೂ ಸರಿಯಾಗಿ ಐವತ್ತು ಜೊತೆ, ಅಂದರೆ ನೂರು ಕಾಲು, ಬಲಿತ ಜರಿಗೆ ಇರುವುದಿಲ್ಲ.

ಚೋರಟೆ, ಅಂದರೆ ಸಹಸ್ರಪದಿ, ಸಾಮಾನ್ಯವಾಗಿ ಉರುಟು. ಒಂದೊಂದು ಬಳೆಗೆ ಎರಡೆರಡು ಜೊತೆ ಕಾಲು (ಮೊದಲ ಕೆಲವು ಬಳೆ ಬಿಟ್ಟು). ತರಗು ತಿಂದು ಗೊಬ್ಬರ ಮಾಡುವ ಸಾಧು. ಕಚ್ಚುವುದಿಲ್ಲ, ಆದರೆ ಮುಟ್ಟಿದರೆ ಪಕ್ಕದ ರಂಧ್ರಗಳಿಂದ ಕಂದು ರಸ ಒಸರುತ್ತದೆ. ಕೈ ಕಲೆಯಾಗುತ್ತದೆ, ಆ ಕೈಯಲ್ಲಿ ಕಣ್ಣುಜ್ಜಿದರೆ ಉರಿಯುತ್ತದೆ. ಮಕ್ಕಳು ಆಡಿದ ಮೇಲೆ ಕೈ ತೊಳೆಸಿ. ಹೆಸರಿಗೆ ತಕ್ಕಂತೆ ಸಾವಿರ ಕಾಲು ದಾಟಿದ ಮೊದಲ ಪ್ರಭೇದ ವರದಿಯಾದದ್ದು 2021ರಲ್ಲಿ, ಆಸ್ಟ್ರೇಲಿಯಾದ ಒಣನೆಲದ ಆಳದಿಂದ: 1306 ಕಾಲು.

ಮುಟ್ಟಿದ್ರೆ ಗೋಲಿ ತರ ಉಂಡೆ ಆಗೋದು ಯಾವುದು?

ಎರಡು ಬೇರೆ ಬಳಗದವು ಒಂದೇ ಉಪಾಯ ಕಲಿತಿವೆ. ಘಟ್ಟದ ತೋಟ, ಕಾಡುಗಳಲ್ಲಿ ಸಿಗುವ, ನಿಜಕ್ಕೂ ಗೋಲಿಯಷ್ಟಾಗುವುದು ಉಂಡೆ ಚೋರಟೆ. ಬಿಚ್ಚಿಕೊಂಡಾಗ ಇಪ್ಪತ್ತಕ್ಕೂ ಹೆಚ್ಚು ಜೊತೆ ಕಾಲು. ಹೂಕುಂಡದಡಿ, ಒದ್ದೆ ಇಟ್ಟಿಗೆಯಡಿ ಇರುವ ಬೂದುಬಣ್ಣದ ಕಾಳಿನಷ್ಟು ಚಿಕ್ಕದು ಏಡಿಯ ಬಳಗದ್ದು, ಕಾಲು ಏಳೇ ಜೊತೆ. ಅದು ಉಸಿರಾಡಲು ತೇವ ಬೇಕು, ಒಣಗಿದರೆ ಸಾಯುತ್ತದೆ. ಅಷ್ಟಿದ್ದೂ ಇದರ ನೆಂಟ ಪ್ರಭೇದವೊಂದು ಉತ್ತರ ಆಫ್ರಿಕಾದ ಮರುಭೂಮಿಯಲ್ಲಿದೆ. ಆಳವಾದ ಬಿಲ ತೋಡಿ, ಸಂಸಾರವೆಲ್ಲ ಒಟ್ಟಿಗಿದ್ದು, ಬಿಲದ ಬಾಯನ್ನು ಸರದಿಯಲ್ಲಿ ಕಾಯುತ್ತಾ ಬದುಕುತ್ತದೆ.

## ಆರು ಕಾಲಿನವರು

ಜೀರುಂಡೆ ಅಂದ್ರೆ ಕಿರ್ರ್ ಅಂತ ಕೂಗೋದಾ, ಗಟ್ಟಿ ಚಿಪ್ಪಿನದಾ?

ಕನ್ನಡದಲ್ಲಿ ಎರಡಕ್ಕೂ ಆ ಹೆಸರು ನಡೆಯುತ್ತದೆ, ಅದಕ್ಕೇ ಗೊಂದಲ. ಮರದಲ್ಲಿ ಕಿವಿಗಡಚಿಕ್ಕುವಂತೆ ಕೂಗುವುದರ ರೆಕ್ಕೆ ಪಾರದರ್ಶಕ, ಮನೆಯ ಸೂರಿನಂತೆ ಇಳಿಜಾರು, ಬಾಯಿ ರಸ ಹೀರುವ ಕೊಳವೆ. ತಿಗಣೆಯ ದೂರದ ನೆಂಟ. ಗಟ್ಟಿ ಚಿಪ್ಪಿನದಕ್ಕೆ ಮುಂದಿನ ರೆಕ್ಕೆಗಳೇ ಬೆನ್ನಿನ ಮುಚ್ಚಳ. ಎರಡು ಮುಚ್ಚಳ ನಡುಬೆನ್ನಿನಲ್ಲಿ ಒಂದೇ ನೇರಗೆರೆಯಾಗಿ ಕೂಡುತ್ತವೆ. ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿ ಈ ಗುಂಪಿನದು. ಅರೇಬಿಕಾ ಬೆಳೆಗಾರರ ನಿದ್ದೆಗೆಡಿಸುವ ಬಿಳಿ ಕಾಂಡಕೊರಕವೂ ಇದೇ ಗುಂಪಿನದು. ಅದು ಉದ್ದಮೀಸೆಯ ದುಂಬಿಗಳ ಕುಟುಂಬಕ್ಕೆ ಸೇರಿದ್ದರೂ ಅದರದು ಮೋಟು ಮೀಸೆ. ಕುಟುಂಬದ ಹೆಸರು ನಂಬಿ ಉದ್ದ ಮೀಸೆ ಹುಡುಕುತ್ತ ಕೂತರೆ ಕಣ್ಣೆದುರಿನ ದುಂಬಿ ತಪ್ಪಿಹೋಗುತ್ತದೆ. ಕಪ್ಪು ಬೆನ್ನಿನ ಮೇಲಿನ ಬಿಳಿ ಪಟ್ಟೆ ನೋಡಿ. ಅದು ಹಾರುವ ಕಾಲ ಏಪ್ರಿಲ್-ಮೇ, ಮತ್ತೆ ಅಕ್ಟೋಬರಿನಿಂದ ಡಿಸೆಂಬರ್.

ಗೆದ್ದಲು ಬಿಳಿ ಇರುವೆ ಅಲ್ವಾ?

ಅಲ್ಲ, ಜಿರಳೆಯ ವಂಶ. ಮೊದಲ ಮಳೆಯ ಸಂಜೆ ದೀಪಕ್ಕೆ ಮುತ್ತುವ ರೆಕ್ಕೆಯವನ್ನು ಹಿಡಿದು ನೋಡಿ. ಗೆದ್ದಲಾದರೆ ನಾಲ್ಕೂ ರೆಕ್ಕೆ ಒಂದೇ ಅಳತೆ, ಮೀಸೆ ಮಣಿಪೋಣಿಸಿದಂತೆ ನೆಟ್ಟಗೆ, ಸೊಂಟವಿಲ್ಲ. ಇರುವೆಯಾದರೆ ಮುಂದಿನ ರೆಕ್ಕೆ ದೊಡ್ಡದು, ಮೀಸೆ ಮೊಣಕೈಯಂತೆ ಬಾಗಿದ್ದು, ಸೊಂಟ ಸಣ್ಣ.

ಜಗಲಿ ಪುಡಿಮಣ್ಣಲ್ಲಿ ಆಲಿಕೆ ತರ ಕುಳಿ ತೋಡೋದು ಯಾವ ಹುಳ? ಅದು ದೊಡ್ಡದಾಗಿ ಏನಾಗುತ್ತೆ?

ಅದು ಇರುವೆಸಿಂಹ (antlion) ಎಂಬ ಕೀಟದ ಮರಿಹುಳ. ಮಳೆ ತಾಗದ ಒಣ ಪುಡಿಮಣ್ಣಿನಲ್ಲಿ ಹಿಂದುಹಿಂದಕ್ಕೆ ಸುತ್ತುತ್ತಾ, ತಲೆಯಿಂದ ಮಣ್ಣು ಚಿಮ್ಮುತ್ತಾ ಕುಳಿ ಮಾಡುತ್ತದೆ. ಇಳಿಜಾರು ಎಷ್ಟು ಕಡಿದೆಂದರೆ ಇರುವೆ ಕಾಲಿಟ್ಟರೆ ಮಣ್ಣು ಜಾರಲೇಬೇಕು. ಕುಡುಗೋಲಿನಂಥ ದವಡೆಯೇ ಹೀರುಕೊಳವೆ. ಮರಿಯಾಗಿರುವಷ್ಟು ಕಾಲ ಮಲ ಹೊರಹಾಕುವುದಿಲ್ಲ, ಕರುಳಿಗೆ ಹೊರದಾರಿಯೇ ಇಲ್ಲ. ಬೆಳೆದು ನಾಲ್ಕು ರೆಕ್ಕೆಯ, ಏರೋಪ್ಲೇನ್ ಚಿಟ್ಟೆಯನ್ನು ಹೋಲುವ ಕೀಟವಾಗುತ್ತದೆ. ಇಲ್ಲಿಯೂ ಮೀಸೆ ನೋಡಿ: ಇದರ ಮೀಸೆ ತುದಿಯಲ್ಲಿ ದಪ್ಪ, ಕಣ್ಣಿಗೆ ಎದ್ದು ಕಾಣುತ್ತದೆ. ಏರೋಪ್ಲೇನ್ ಚಿಟ್ಟೆಯದು ಕಂಡೂ ಕಾಣದ ಕೂದಲು.

ತೋಟದಲ್ಲಿ ದೊಡ್ಡ ಬಣ್ಣದ ಮಿಡತೆ ಬಂದಿದೆ. ಮರುಭೂಮಿ ಮಿಡತೆ ನಮ್ಮಲ್ಲಿಗೂ ಬಂತಾ?

2020ರಲ್ಲಿ ರಾಜಸ್ಥಾನ, ಮಧ್ಯಪ್ರದೇಶ ದಾಟಿ ಮಹಾರಾಷ್ಟ್ರದವರೆಗೂ ಮರುಭೂಮಿ ಮಿಡತೆಯ ಹಿಂಡು ಬಂದಾಗಿನಿಂದ ಈ ಭಯವಿದೆ. ಕಾಫಿ ತೋಟದಲ್ಲಿ ಸಿಗುವ, ರೆಕ್ಕೆಯ ಮೇಲೆ ಹಳದಿ ಚುಕ್ಕೆಗಳ, ಕುತ್ತಿಗೆಯ ಮೇಲೆ ಉಬ್ಬುಗಳಿರುವ, ಹಿಡಿದರೆ ನಾರುವ ನೊರೆ ಕಾರುವ ಮಿಡತೆ ಅದಲ್ಲ, ಘಟ್ಟದ್ದೇ ಬಣ್ಣದ ಮಿಡತೆ. ಮರುಭೂಮಿ ಮಿಡತೆ ಹಿಂಡುಗಟ್ಟಿದಾಗ ಎಳೆಯದು ಗುಲಾಬಿ, ಬಲಿತದ್ದು ಹಳದಿ. ಮುಂಗಾಲುಗಳ ನಡುವೆ ಗಂಟಲಡಿ ಒಂದು ಗೂಟದಂಥ ಉಬ್ಬು ಇರುತ್ತದೆ. ನಮ್ಮ ಹೊಲಗಳ ಕೆಲವು ದೊಡ್ಡ ಮಿಡತೆಗಳಿಗೂ ಆ ಗೂಟವಿದೆ, ಆದ್ದರಿಂದ ಅದೊಂದೇ ಸಾಕ್ಷಿಯಲ್ಲ. ಒಂದೆರಡು ಕಂಡಕೂಡಲೇ ಔಷಧಿ ಹೊಡೆಯಬೇಡಿ.

ಚಿಗಳಿ ಇರುವೆ ಗೂಡಿನ ಹತ್ರ ಇರುವೆ ತರದ್ದೊಂದು ನೂಲು ಬಿಟ್ಟು ಕೆಳಗಿಳೀತು. ಇರುವೆ ನೂಲು ಬಿಡುತ್ತಾ?

ನೀವು ನೋಡಿದ್ದು ಇರುವೆ ವೇಷದ ಹಾರುಜೇಡ. ಮುಂದಿನ ಕಾಲು ಎತ್ತಿ ಮೀಸೆಯಂತೆ ಆಡಿಸುತ್ತದೆ, ಎದೆಯಲ್ಲಿ ಸುಳ್ಳು ಸೊಂಟವೊಂದಿದೆ. ಮುಖ ನೋಡಿದರೆ ವೇಷ ಬಯಲಾಗುತ್ತದೆ: ಎದುರಿಗೆ ಎರಡು ದೊಡ್ಡ ದುಂಡು ಕಣ್ಣು.

## ಇನ್ನೂ ಆಳಕ್ಕೆ ಹೋಗುವವರಿಗೆ

ಯುವಿ ಟಾರ್ಚಲ್ಲಿ ಚೇಳು ಹೊಳೆಯುತ್ತಂತೆ. ಯಾವ ಟಾರ್ಚ್ ತಗೋಬೇಕು?

ಯುವಿ ಅಂದರೆ ನೇರಳಾತೀತ ಬೆಳಕು. ಅದರ ಅಲೆಯುದ್ದ 365 ಅಥವಾ 395 ನ್ಯಾನೋಮೀಟರ್ ಇರುವ ಟಾರ್ಚ್ ತೆಗೆದುಕೊಳ್ಳಿ. 395ರದು ಅಗ್ಗ, ಆದರೆ ನೇರಳೆ ಬೆಳಕೂ ಬೀಳುವುದರಿಂದ ಹೊಳಪು ಮಂಕಾಗಿ ಕಾಣುತ್ತದೆ. 365ರಲ್ಲಿ ಚೇಳು ಹಸಿರುನೀಲಿಯಾಗಿ ಉರಿಯುತ್ತದೆ. ಹೊಳೆಯುವುದು ಕವಚದಲ್ಲಿರುವ ರಾಸಾಯನಿಕ, ಆದ್ದರಿಂದ ಸತ್ತದ್ದೂ ಹೊಳೆಯುತ್ತದೆ, ಬಿಟ್ಟುಹೋದ ಪೊರೆಯೂ ಹೊಳೆಯುತ್ತದೆ. ಆಗಷ್ಟೇ ಪೊರೆ ಕಳಚಿದ ಜೀವಂತ ಚೇಳು ಮಾತ್ರ ಕವಚ ಗಟ್ಟಿಯಾಗುವವರೆಗೆ ಹೊಳೆಯುವುದಿಲ್ಲ. ಹೊಳೆಯಲಿಲ್ಲವೆಂದು ಕೈಹಾಕಬೇಡಿ. ಅಮಾವಾಸ್ಯೆಯ ಆಸುಪಾಸಿನ ರಾತ್ರಿ ಒಳ್ಳೆಯದು. ಕೈಯಲ್ಲಿ ಬಿಳಿ ಟಾರ್ಚೂ ಇರಲಿ, ಹಾವು ಯುವಿಯಲ್ಲಿ ಕಾಣುವುದಿಲ್ಲ. ಬೆಳಕನ್ನು ಯಾರ ಕಣ್ಣಿಗೂ ಹಿಡಿಯಬೇಡಿ.

ನಮ್ಮ ಹೊಲದಲ್ಲಿ ಏನೇನಿದೆ ಅಂತ ತಿಳ್ಕೊಳ್ಳೋಕೆ ಲೋಟ ಹೂಳ್ತಾರಂತೆ, ಹೇಗೆ?

ಸುಮಾರು 200 ಮಿಲಿಲೀಟರಿನ ಪ್ಲಾಸ್ಟಿಕ್ ಲೋಟ ಹತ್ತು ತೆಗೆದುಕೊಳ್ಳಿ. ಐದೈದು ಮೀಟರ್ ಅಂತರದಲ್ಲಿ ಗುಂಡಿ ತೋಡಿ, ಅಂಚು ಮಣ್ಣಿನ ಮಟ್ಟಕ್ಕೆ ಸಮನಾಗಿ ಅಥವಾ ಕೂದಲೆಳೆ ಕೆಳಗೆ ಬರುವಂತೆ ಹೂಳಿ. ಅಂಚು ಚೂರು ಎದ್ದಿದ್ದರೂ ಹುಳಗಳು ಸುತ್ತುಬಳಸಿ ಹೋಗುತ್ತವೆ, ಲೋಟ ಖಾಲಿ. ಹೆಚ್ಚಿನವರ ಕೆಲಸ ಕೆಡುವುದು ಇಲ್ಲೇ. ಮೇಲೆ ಎರಡು ಸೆಂಟಿಮೀಟರ್ ಎತ್ತರದಲ್ಲಿ, ಮೂರು ಕಲ್ಲಿನ ಮೇಲೆ ಒಂದು ಹೆಂಚಿಡಿ, ಬಿಸಿಲು-ಮಳೆ ತಡೆಯುತ್ತದೆ. ತಳದಲ್ಲಿ ಮಳೆನೀರು ಇಳಿಯಲು ಸೂಜಿತೂತು, ಒಳಗೆ ಎರಡು ಒಣ ಎಲೆ ಇರಲಿ. ಎಲೆಯಿಲ್ಲದಿದ್ದರೆ ಬೆಳಗಾಗುವುದರೊಳಗೆ ಜೇಡ ಉಳಿದವನ್ನೆಲ್ಲ ತಿಂದಿರುತ್ತದೆ. ಸಂಜೆ ತೆರೆದು, ಬಿಸಿಲೇರುವ ಮೊದಲೇ ನೋಡಿ, ಬಿಳಿ ತಟ್ಟೆಗೆ ಸುರಿದು, ಫೋಟೋ ತೆಗೆದು ಅಲ್ಲೇ ಬಿಡಿ. ಕೈಹಾಕಿ ತೆಗೆಯಬೇಡಿ. ಹಗಲು ಮುಚ್ಚಳ ಹಾಕಿ, ಕೆಲಸ ಮುಗಿದ ದಿನ ಲೋಟಗಳನ್ನು ಎಣಿಸಿ ಕಿತ್ತು ತನ್ನಿ. ಭದ್ರಾ ಅಭಯಾರಣ್ಯದಂಥ ಕಡೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಇದನ್ನು ಮಾಡುವಂತಿಲ್ಲ.

ಫೋಟೋ ಕಳಿಸಿದ್ರೆ ‘ಗೊತ್ತಾಗಲ್ಲ’ ಅಂತೀರಿ. ಹೇಗೆ ತೆಗೀಬೇಕು?

ಬೆನ್ನಿನ ಫೋಟೋ ಒಂದೇ ಇದ್ದರೆ ಗೊತ್ತಾಗುವುದಿಲ್ಲ. ಮೇಲಿನಿಂದ ಒಂದು, ಪಕ್ಕದಿಂದ ಒಂದು, ಮುಖದ್ದೊಂದು ಬೇಕು. ಚೇಳಾದರೆ ಇಕ್ಕಳ ಮತ್ತು ಬಾಲ ಎರಡೂ ಒಂದೇ ಚಿತ್ರದಲ್ಲಿರಲಿ. ಪಕ್ಕದಲ್ಲಿ ಸ್ಕೇಲು ಅಥವಾ ಒಂದು ರೂಪಾಯಿ ನಾಣ್ಯವಿಡಿ. ಹೊಟ್ಟೆಯಡಿಯ ಗುರುತು ಬೇಕಾದರೆ ಗಾಜಿನ ಬಾಟಲಿಯನ್ನು ಎತ್ತಿ ಹಿಡಿದು ಕೆಳಗಿನಿಂದ ತೆಗೆಯಿರಿ. ಚೇಳಿನ ಹೊಟ್ಟೆಯಡಿ ಒಂದು ಜೊತೆ ಬಾಚಣಿಗೆಯಂಥ ಅಂಗ ಕಾಣುತ್ತದೆ, ಅದರ ಹಲ್ಲುಗಳ ಲೆಕ್ಕದಿಂದ ಪ್ರಭೇದದ ಹತ್ತಿರ ಹೋಗಬಹುದು. ತಾರೀಖು, ಹೊತ್ತು, ಊರು, ಕಲ್ಲಡಿಯೋ ಎಲೆ ಮೇಲೋ ಗೋಡೆ ಮೇಲೋ ಎಂಬುದನ್ನು ಜೊತೆಗೇ ಬರೆಯಿರಿ. ಸತ್ತು ಸಿಕ್ಕಿದ್ದನ್ನು ಉಳಿಸುವುದಾದರೆ ಶೇಕಡ 70ರ ಆಲ್ಕೋಹಾಲಿನಲ್ಲಿಡಿ. ಫಾರ್ಮಲಿನ್‌ನಲ್ಲಿಟ್ಟರೆ ಗೆಣ್ಣುಗಳು ಸೆಟೆದುಕೊಂಡು, ಆಮೇಲೆ ಕಾಲು ಬಿಡಿಸಿ ನೋಡಲು ಹೋದಾಗ ಮುರಿಯುತ್ತವೆ.